ಆರು ಮಂದಿ, ಒಂದು ನಕ್ಷೆ



ಕಂಪ್ಯೂಟರ್ ಆಟ ಎಂದ ಕೂಡಲೇ ಮನೆಯ ಹಿರಿಯರ ಹುಬ್ಬು ಮೇಲೇರುತ್ತದೆ. "ಪರೀಕ್ಷೆ ಹತ್ತಿರ ಬಂತು, ಇನ್ನೂ ಆಟವೇ?" ಎಂಬ ಮಾತು ನಿಮ್ಮೆಲ್ಲರ ಕಿವಿಗೂ ಬಿದ್ದಿರಬಹುದು. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಒಂದು ಆಟವನ್ನು ಆಡಿ ಹೊತ್ತು ಕಳೆಯುವುದು ಬೇರೆ. ಆ ಆಟವನ್ನು ಯಾರು ಕಟ್ಟಿದರು, ಹೇಗೆ ಕಟ್ಟಿದರು, ಆಡುವವರಿಂದ ಅದು ಏನನ್ನು ಬೇಡುತ್ತದೆ ಎಂದು ನೋಡುವುದು ಬೇರೆ. ಇಂದು ನಾವು ಈ ಎರಡನೆಯ ಕೆಲಸವನ್ನು ಮಾಡೋಣ.

ನಾನು ಆರಿಸಿಕೊಂಡಿರುವ ಆಟದ ಹೆಸರು ವಿಝರ್ಡ್ರಿ. ಮಾಂತ್ರಿಕರ ವಿದ್ಯೆ ಎಂದು ಅದರ ಅರ್ಥ. ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ ಆಟ ಇದು. ಒಬ್ಬನೇ ವೀರನ ಬದಲು ಆರು ಮಂದಿಯ ತಂಡವೊಂದನ್ನು ಕಟ್ಟಿಕೊಂಡು, ನೆಲದಡಿಯ ಚಕ್ರಬಂಧದೊಳಗೆ ಇಳಿದು, ಜೀವಂತವಾಗಿ ಹಿಂದಿರುಗುವುದೇ ಇಲ್ಲಿಯ ಕೆಲಸ. ಕಲ್ಪನಾಲೋಕದಲ್ಲಿ ತಂಡ ಕಟ್ಟಿ ನಡೆಸುವ ಕಂಪ್ಯೂಟರ್ ಆಟಗಳ ವಂಶಾವಳಿಯನ್ನು ಬರೆದರೆ, ಮೊದಲ ಸಾಲುಗಳಲ್ಲೇ ಈ ಹೆಸರು ಬರುತ್ತದೆ.

ಇಬ್ಬರು ವಿದ್ಯಾರ್ಥಿಗಳು

ಈ ಆಟದ ಬೇರು ಕಂಪ್ಯೂಟರಿನಲ್ಲಿಲ್ಲ, ಊಟದ ಮೇಜಿನ ಮೇಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಗೆಳೆಯರು ಮೇಜಿನ ಸುತ್ತ ಕುಳಿತು, ತಲಾ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕತೆಯೊಂದನ್ನು ನಡೆಸುವ ಆಟ ಅದು. ಯಕ್ಷಗಾನದ ತಾಳಮದ್ದಲೆಯಲ್ಲಿ ವೇಷವಿಲ್ಲದೆ ಕುಳಿತಲ್ಲೇ ಅರ್ಥಧಾರಿಯೊಬ್ಬರು ಕರ್ಣನಾಗುವುದಿಲ್ಲವೇ? ಹಾಗೆಯೇ ಇಲ್ಲಿಯೂ ಮಾತಿನಿಂದಲೇ ಒಬ್ಬ ಯೋಧನಾಗುತ್ತಾನೆ, ಮತ್ತೊಬ್ಬ ಮಾಂತ್ರಿಕನಾಗುತ್ತಾನೆ. ಒಂದು ವ್ಯತ್ಯಾಸವಿದೆ: ಇಲ್ಲಿ ಪ್ರಸಂಗದ ಅಂತ್ಯ ಯಾರಿಗೂ ಮೊದಲೇ ತಿಳಿದಿರುವುದಿಲ್ಲ, ದಾಳ ಬಿದ್ದಂತೆ ಅದು ಬದಲಾಗುತ್ತದೆ.

ಅದೇ 1970ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯವು ಪಾಠ ಕಲಿಸುವುದಕ್ಕಾಗಿ ಬೆಳೆಸಿದ್ದ ಪ್ಲೇಟೋ ಎಂಬ ದೊಡ್ಡ ಕಂಪ್ಯೂಟರ್ ವ್ಯವಸ್ಥೆಯಿತ್ತು. ಬೇರೆ ಬೇರೆ ಊರುಗಳ ತೆರೆಗಳು ಅದಕ್ಕೆ ಜೋಡಣೆಯಾಗಿದ್ದವು. ಪಾಠಕ್ಕೆಂದು ಕೊಟ್ಟ ತೆರೆಯಲ್ಲಿ ವಿದ್ಯಾರ್ಥಿಗಳು ಸುರಂಗದ ಆಟಗಳನ್ನು ಬರೆದು ಆಡತೊಡಗಿದರು. ಅಲ್ಲಿ ಹಲವು ಮಂದಿ ಹಲವು ತೆರೆಗಳ ಮುಂದೆ ಕುಳಿತು ಒಂದೇ ತಂಡವಾಗಬಹುದಿತ್ತು.

ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಎಂಬಿಬ್ಬರು ವಿದ್ಯಾರ್ಥಿಗಳ ಮುಂದೆ ಆಗ ಒಂದು ಪ್ರಶ್ನೆಯಿತ್ತು. ಇಂಥ ಆಟವನ್ನು ಮನೆಯ ಚಿಕ್ಕ ಕಂಪ್ಯೂಟರಿನಲ್ಲಿ ಒಬ್ಬನೇ ಕುಳಿತು ಆಡುವಂತೆ ಮಾಡಲಾದೀತೇ? ಗ್ರೀನ್‌ಬರ್ಗ್ ಮೊದಲು ಬೇಸಿಕ್ ಭಾಷೆಯಲ್ಲಿ ಬರೆದು ನೋಡಿದರು. ಅದು ತೀರ ನಿಧಾನವಾಗಿ ಓಡುತ್ತಿತ್ತು. ಬಳಿಕ ಇಬ್ಬರೂ ಜೊತೆಗೂಡಿ ಪ್ಯಾಸ್ಕಲ್ ಭಾಷೆಯಲ್ಲಿ ಮತ್ತೆ ಬರೆದರು. ಸರ್-ಟೆಕ್ ಎಂಬ ಸಂಸ್ಥೆ 1981ರಲ್ಲಿ ಅದನ್ನು ಆಪಲ್ 2 ಕಂಪ್ಯೂಟರಿಗಾಗಿ ಪ್ರಕಟಿಸಿತು.

ಆಟದ ಕತೆ ಚಿಕ್ಕದು. ಟ್ರೆಬೋರ್ ಎಂಬ ಹುಚ್ಚು ದೊರೆಯ ತಾಯಿತವೊಂದನ್ನು ವರ್ಡ್ನಾ ಎಂಬ ಮಾಂತ್ರಿಕ ಕದ್ದು, ನೆಲದಡಿಯ ಹತ್ತನೆಯ ಅಂತಸ್ತಿನಲ್ಲಿ ಅಡಗಿದ್ದಾನೆ. ಅದನ್ನು ಮರಳಿ ತರಬೇಕು. ಈ ಹೆಸರುಗಳಲ್ಲಿ ಒಂದು ತುಂಟತನವಿದೆ. ಇಂಗ್ಲಿಷ್ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿದರೆ ಟ್ರೆಬೋರ್ ಎಂದರೆ ರಾಬರ್ಟ್, ವರ್ಡ್ನಾ ಎಂದರೆ ಆಂಡ್ರೂ! ಆಟ ಬರೆದ ಗೆಳೆಯರು ತಮ್ಮನ್ನೇ ಹುಚ್ಚು ದೊರೆಯನ್ನಾಗಿಯೂ ಕಳ್ಳ ಮಾಂತ್ರಿಕನನ್ನಾಗಿಯೂ ಮಾಡಿಕೊಂಡಿದ್ದರು.

ಕಿರಿದಾದ ಜಾಗದಲ್ಲಿ ಹಿರಿದಾದ ಲೋಕ

ಆ ಕಾಲದ ಯಂತ್ರದ ಶಕ್ತಿ ಎಷ್ಟಿತ್ತೆಂದು ತಿಳಿದರೆ ಇವರ ಕೆಲಸದ ಬೆಲೆ ತಿಳಿಯುತ್ತದೆ. ಈ ಆಟಕ್ಕೆ ಬೇಕಾದದ್ದು 48 ಕಿಲೋಬೈಟ್ ಸ್ಮರಣೆ, ಎಂದರೆ 49,152 ಬೈಟುಗಳು. ಫ್ಲಾಪಿ ಡಿಸ್ಕಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 140 ಕಿಲೋಬೈಟ್. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರಕ್ಕೆ ಇದರ ಹತ್ತಾರು ಪಟ್ಟು ಜಾಗ ಬೇಕಾಗುತ್ತದೆ.

ಇಷ್ಟರಲ್ಲಿ ಹತ್ತು ಅಂತಸ್ತಿನ ಚಕ್ರಬಂಧವನ್ನು ಅಡಗಿಸುವುದು ಹೇಗೆ? ಒಂದು ಲೆಕ್ಕ ಮಾಡೋಣ. ಪ್ರತಿ ಅಂತಸ್ತೂ ಉದ್ದಕ್ಕೆ 20, ಅಗಲಕ್ಕೆ 20 ಮನೆಗಳುಳ್ಳ ಚೌಕ. ಅಂದರೆ 400 ಮನೆಗಳು. ಹತ್ತು ಅಂತಸ್ತಿಗೆ 4,000. ಒಂದು ಮನೆಗೆ ನಾಲ್ಕು ಬದಿ. ಪ್ರತಿ ಬದಿಯೂ ನಾಲ್ಕು ಬಗೆಯಲ್ಲಿ ಒಂದಾಗಿರಬಹುದು: ಬಯಲು, ಗೋಡೆ, ಬಾಗಿಲು, ಗುಪ್ತದ್ವಾರ. ನಾಲ್ಕು ಬಗೆಗಳನ್ನು ಗುರುತಿಸಲು ಎರಡು ಬಿಟ್ ಸಾಕು. ನಾಲ್ಕು ಬದಿಗೆ ಎಂಟು ಬಿಟ್, ಅಂದರೆ ಒಂದು ಬೈಟ್. ಹೀಗೆ ತಾತ್ವಿಕವಾಗಿ 400 ಬೈಟುಗಳಲ್ಲಿ ಇಡೀ ಒಂದು ಅಂತಸ್ತಿನ ಗೋಡೆಗಳನ್ನೆಲ್ಲ ಬರೆದಿಡಬಹುದು. ನಮ್ಮ ಅಜ್ಜಿಯಂದಿರು ಚಿಕ್ಕ ಟ್ರಂಕಿನಲ್ಲಿ ಮದುವೆ ಮನೆಯ ಬಟ್ಟೆಯನ್ನೆಲ್ಲ ಮಡಿಸಿ ಇಡುತ್ತಿದ್ದರಲ್ಲ, ಅಂಥ ಜಾಣತನ ಇದು.

ತೆರೆಯ ಮೇಲೆ ಕಾಣುತ್ತಿದ್ದದ್ದು ಕೆಲವು ಗೆರೆಗಳು ಮಾತ್ರ. ಎದುರಿಗೆ ಗೋಡೆ, ಬದಿಗೆ ಬಾಗಿಲು, ಮುಂದೆ ಕತ್ತಲು. ಉಳಿದದ್ದನ್ನು ಆಡುವವರ ಮನಸ್ಸೇ ತುಂಬಿಕೊಳ್ಳಬೇಕಿತ್ತು.

ಯಾರೊಬ್ಬರೂ ಪೂರ್ಣರಲ್ಲ

ಆಟದ ಆರಂಭದಲ್ಲಿ ನೀವು ಪಾತ್ರಗಳನ್ನು ಸೃಷ್ಟಿಸಬೇಕು. ಮಾನವ, ಎಲ್ಫ್, ಡ್ವಾರ್ಫ್, ನೋಮ್, ಹಾಬಿಟ್ ಎಂಬ ಐದು ಕುಲಗಳಿವೆ. ಬಲ, ಬುದ್ಧಿ, ಭಕ್ತಿ, ಜೀವಸತ್ವ, ಚುರುಕುತನ, ಅದೃಷ್ಟ ಎಂಬ ಆರು ಗುಣಗಳಿವೆ. ನಿಮ್ಮ ಕೈಗೆ ಸಿಗುವ ಒಂದಿಷ್ಟು ಅಂಕಗಳನ್ನು ಈ ಗುಣಗಳಿಗೆ ಹಂಚಬೇಕು. ಬಲಕ್ಕೆ ಹೆಚ್ಚು ಕೊಟ್ಟರೆ ಬುದ್ಧಿಗೆ ಕಡಿಮೆಯಾಗುತ್ತದೆ. ಎಲ್ಲದರಲ್ಲೂ ಮೊದಲಿಗನಾದವನನ್ನು ಮೊದಲ ದಿನವೇ ಮಾಡಿಕೊಳ್ಳಲು ಆಗದು.

ಮೂಲ ವೃತ್ತಿಗಳು ನಾಲ್ಕು. ಯೋಧನಿಗೆ ಖಡ್ಗವೂ ಕವಚವೂ ಉಂಟು, ಮಂತ್ರವಿಲ್ಲ. ಮಾಂತ್ರಿಕನು ಬೆಂಕಿಯ ಮಳೆ ಸುರಿಸಬಲ್ಲ, ಆದರೆ ಮೈಯಲ್ಲಿ ಕಸುವಿಲ್ಲ; ಆರಂಭದಲ್ಲಿ ಒಂದೆರಡು ಪೆಟ್ಟಿಗೆ ನೆಲ ಕಚ್ಚುತ್ತಾನೆ. ಪುರೋಹಿತನು ಗಾಯ ಮಾಯಿಸುತ್ತಾನೆ. ನಾಲ್ಕನೆಯವನು ಕಳ್ಳ! ಹೌದು, ವೃತ್ತಿಯ ಹೆಸರೇ ಅದು. ಕಾದಾಟದಲ್ಲಿ ಇವನು ಅಷ್ಟಕ್ಕಷ್ಟೆ. ಆದರೆ ಗೆದ್ದ ಮೇಲೆ ಸಿಗುವ ಪೆಟ್ಟಿಗೆಗಳಲ್ಲಿ ವಿಷದ ಸೂಜಿ, ಸಿಡಿಯುವ ಮದ್ದು, ವಿಷಾನಿಲ ಇಂಥವು ಅಡಗಿರುತ್ತವೆ. ಅವನ್ನು ಪತ್ತೆ ಮಾಡಿ ಬಿಡಿಸಲು ಇವನ ಬೆರಳುಗಳೇ ಬೇಕು. ಇವರಲ್ಲದೆ ಬಿಷಪ್, ಸಮುರಾಯ್, ಲಾರ್ಡ್, ನಿಂಜಾ ಎಂಬ ನಾಲ್ಕು ಉನ್ನತ ವೃತ್ತಿಗಳೂ ಇವೆ. ಅವಕ್ಕೆ ಬೇಕಾದ ಗುಣಾಂಕ ಹೆಚ್ಚು.

ತಂಡದ ಆರು ಮಂದಿ ಸಾಲಾಗಿ ನಿಲ್ಲುತ್ತಾರೆ. ಖಡ್ಗದಿಂದ ಹೊಡೆಯಲು ಮುಂದಿನ ಮೂವರಿಗೆ ಮಾತ್ರ ಸಾಧ್ಯ. ವೈರಿಯ ಪೆಟ್ಟು ಬೀಳುವುದೂ ಆ ಮೂವರ ಮೇಲೆಯೇ. ಹಿಂದಿನ ಮೂವರು ಅವರ ಮರೆಯಲ್ಲಿ ನಿಂತು ಮಂತ್ರ ಹೇಳುತ್ತಾರೆ. ಮುಂದಿನ ಯೋಧ ಬಿದ್ದರೆ ಹಿಂದಿನ ಮಾಂತ್ರಿಕ ಬಯಲಿಗೆ ಬೀಳುತ್ತಾನೆ. ಹಿಂದಿನ ಪುರೋಹಿತ ಬಿದ್ದರೆ ಮುಂದಿನ ಯೋಧನ ಗಾಯ ಹಾಗೆಯೇ ಉಳಿಯುತ್ತದೆ. ತಂಡದ ಬಲವೆಂದರೆ ಆರು ಮಂದಿಯ ಬಲದ ಮೊತ್ತವಲ್ಲ. ಒಬ್ಬನ ಕೊರತೆಯನ್ನು ಇನ್ನೊಬ್ಬ ತುಂಬಿದಾಗ ಉಂಟಾಗುವ ಬಲ.

ಪ್ಲೇಟೋ ವ್ಯವಸ್ಥೆಯಲ್ಲಿ ಆರು ಮಂದಿ ಕುಳಿತು ಆರು ಪಾತ್ರ ಆಡಬಹುದಿತ್ತು ಎಂದೆನಲ್ಲ? ಇಲ್ಲಿ ಒಬ್ಬರೇ ಆರು ಮಂದಿಯ ಪರವಾಗಿ ಯೋಚಿಸಬೇಕು. ಗೆದ್ದ ಹಣದಲ್ಲಿ ಯೋಧನಿಗೆ ಹೊಸ ಕವಚ ಕೊಳ್ಳಬೇಕೋ, ಅಥವಾ ಕಷ್ಟಕಾಲಕ್ಕೆಂದು ಕೂಡಿಡಬೇಕೋ? ಮನೆಯ ಯಜಮಾನಿಯು ತಿಂಗಳ ಸಂಬಳವನ್ನು ಆರು ಬಾಯಿಗೆ ಹಂಚುವಾಗ ಮಾಡುವ ಲೆಕ್ಕವೇ ಇದು.

ಕೈಯಿಂದ ಬರೆದ ನಕ್ಷೆ

ಇಂದಿನ ಆಟಗಳಲ್ಲಿ ನೀವು ಎಲ್ಲಿದ್ದೀರಿ ಎಂದು ತೆರೆಯ ಮೂಲೆಯ ಪುಟ್ಟ ನಕ್ಷೆ ತೋರಿಸುತ್ತದೆ. 1981ರ ವಿಝರ್ಡ್ರಿಯಲ್ಲಿ ಅಂಥದ್ದಿರಲಿಲ್ಲ. ಆಡುವವರು ಗಣಿತದ ಗ್ರಾಫ್ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಹೆಜ್ಜೆ ಇಟ್ಟಂತೆಲ್ಲ ಒಂದು ಚೌಕ ಬರೆಯಬೇಕಿತ್ತು. ಎಡಕ್ಕೆ ಗೋಡೆ, ಬಲಕ್ಕೆ ಬಾಗಿಲು, ಮುಂದೆ ಬಯಲು.

ಇದು ಸುಲಭವೆಂದು ತೋರಬಹುದು. ಆದರೆ ಚಕ್ರಬಂಧವು ನಕ್ಷೆ ಬರೆಯುವವರನ್ನು ಮೋಸಗೊಳಿಸಲೆಂದೇ ರಚನೆಯಾಗಿತ್ತು. ಕೆಲವು ಮನೆಗಳಲ್ಲಿ ಕಾಲಿಟ್ಟರೆ ಸದ್ದಿಲ್ಲದೆ ದಿಕ್ಕು ತಿರುಗಿಬಿಡುತ್ತದೆ. ಉತ್ತರಕ್ಕೆ ಹೋಗುತ್ತಿದ್ದೇನೆ ಎಂದುಕೊಂಡವರು ಪೂರ್ವಕ್ಕೆ ನಡೆಯುತ್ತಿರುತ್ತಾರೆ. ಕೆಲವು ಮನೆಗಳು ನಿಮ್ಮನ್ನು ಎತ್ತಿ ಇನ್ನೆಲ್ಲೋ ಇಡುತ್ತವೆ. ಕೆಲವೆಡೆ ಏನೂ ಕಾಣದ ಗಾಢಾಂಧಕಾರ.

ಆಗ ನೆರವಿಗೆ ಬರುವುದು ಡುಮಾಪಿಕ್ ಎಂಬ ಮಂತ್ರ. ಅದು ನೀವು ಕೋಟೆಯ ಮೆಟ್ಟಿಲಿನಿಂದ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಕೆಳಗೆ ಎಷ್ಟು ದೂರದಲ್ಲಿದ್ದೀರಿ ಎಂದು ಮೂರು ಸಂಖ್ಯೆಗಳಲ್ಲಿ ಹೇಳುತ್ತದೆ. ಹೈಸ್ಕೂಲಿನಲ್ಲಿ ನೀವು ಕಲಿಯುವ ನಿರ್ದೇಶಾಂಕಗಳೇ ಇವು! ಮಾಂತ್ರಿಕನು ಮುಂದೆ ಕಲಿಯುವ ಮಲೋರ್ ಎಂಬ ಮಂತ್ರ ಇದಕ್ಕೂ ದೊಡ್ಡದು. ಸಂಖ್ಯೆಗಳನ್ನು ಹೇಳಿದರೆ ಇಡೀ ತಂಡವನ್ನು ಅಲ್ಲಿಗೆ ಒಯ್ಯುತ್ತದೆ. ಸಂಖ್ಯೆ ತಪ್ಪಿ ತಂಡವು ಬಂಡೆಯೊಳಗೆ ಹೊಕ್ಕರೆ ಮಾತ್ರ ಆರೂ ಮಂದಿಯ ಕತೆ ಅಲ್ಲಿಗೇ ಮುಗಿಯಿತು. ಪರೀಕ್ಷೆಯಲ್ಲಿ ಕೂಡುವ ಬದಲು ಕಳೆದರೆ ಎರಡು ಅಂಕ ಹೋಗುತ್ತದೆ. ಇಲ್ಲಿ ಹೋಗುವುದು ಪ್ರಾಣ.

ಮಂತ್ರಗಳನ್ನು ತೆರೆಯಿಂದ ಆರಿಸಿಕೊಳ್ಳುವಂತೆಯೂ ಇರಲಿಲ್ಲ. ಹೆಸರನ್ನು ನೆನಪಿಟ್ಟು ಕೀಲಿಮಣೆಯಲ್ಲಿ ಬರೆಯಬೇಕಿತ್ತು. ಆ ಹೆಸರುಗಳಿಗೆ ಒಂದು ವ್ಯಾಕರಣವೂ ಉಂಟು. ಹಲಿಟೋ ಎಂದರೆ ಕಿರುಬೆಂಕಿ, ಮಹಲಿಟೋ ಎಂದರೆ ಹಿರಿಬೆಂಕಿ. ಕನ್ನಡದಲ್ಲಿ ಮರದಿಂದ ಹೆಮ್ಮರ, ದಾರಿಯಿಂದ ಹೆದ್ದಾರಿ ಆಗುವಂತೆ ಅಲ್ಲಿಯೂ ಮೂಲಪದದ ಮುಂದೆ ಒಂದು ಅಕ್ಷರ ಸೇರಿ ಅರ್ಥ ದೊಡ್ಡದಾಗುತ್ತದೆ. ಇದನ್ನು ಗಮನಿಸಿದವರಿಗೆ ಕಂಠಪಾಠದ ಹೊರೆ ಅರ್ಧಕ್ಕಿಳಿಯುತ್ತದೆ.

ಹಿಂದಿರುಗುವ ದಾರಿ

ಅಭಿಮನ್ಯುವಿನ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಚಕ್ರವ್ಯೂಹದೊಳಗೆ ನುಗ್ಗುವುದನ್ನು ಬಲ್ಲವನಿಗೆ ಹೊರಬರುವುದು ತಿಳಿದಿರಲಿಲ್ಲ. ವಿಝರ್ಡ್ರಿಯನ್ನು ಹೊಸದಾಗಿ ಆಡುವವರು ಬಹುತೇಕ ಅಭಿಮನ್ಯುಗಳೇ.

ಕಾರಣ ಹೀಗಿದೆ. ಪ್ರತಿ ಮಟ್ಟದ ಮಂತ್ರಗಳನ್ನು ಇಷ್ಟೇ ಬಾರಿ ಹೇಳಬಹುದೆಂಬ ಮಿತಿ ಇದೆ; ಎಷ್ಟೇ ಪಳಗಿದರೂ ಒಂದು ಮಟ್ಟಕ್ಕೆ ಒಂಬತ್ತಕ್ಕಿಂತ ಹೆಚ್ಚಿಲ್ಲ. ಮುಗಿದರೆ ಮತ್ತೆ ಪಡೆಯಲು ಮೇಲಿನ ಊರಿಗೆ ಬಂದು ಛತ್ರದಲ್ಲಿ ಮಲಗಬೇಕು. ಒಳ್ಳೆಯ ಕೋಣೆಗೆ ಹಣ ಕೊಡಬೇಕು. ಕೈಯಲ್ಲಿ ಕಾಸಿಲ್ಲದವರಿಗೆ ಕುದುರೆ ಲಾಯ ಉಚಿತ. ಲಾಯದಲ್ಲಿ ಮಲಗಿದರೂ ಮಂತ್ರಶಕ್ತಿ ಮರಳುತ್ತದೆ, ಗಾಯ ಮಾತ್ರ ಮಾಯುವುದಿಲ್ಲ.

ಡುಮಾಪಿಕ್ ಮಂತ್ರವೂ ಹಲಿಟೋ ಮಂತ್ರವೂ ಒಂದೇ ಮಟ್ಟದವು, ಒಂದೇ ಗಂಟಿನಿಂದ ಖರ್ಚಾಗುವಂಥವು. ಅಂದರೆ "ನಾನೀಗ ಎಲ್ಲಿದ್ದೇನೆ?" ಎಂದು ಕೇಳಲು ಒಂದು ಬೆಂಕಿಯ ಬಾಣವನ್ನು ಬಿಟ್ಟುಕೊಡಬೇಕು. ಕೈಯಲ್ಲಿ ಸರಿಯಾದ ನಕ್ಷೆ ಇದ್ದವರಿಗೆ ಆ ಖರ್ಚಿಲ್ಲ. ಆಟವು ಶ್ರದ್ಧೆಗೆ ಕೊಡುವ ಸಂಬಳ ಅದು.

ಹಾಗಾಗಿ ಇಲ್ಲಿಯ ಮುಖ್ಯ ಪ್ರಶ್ನೆ "ಎಷ್ಟು ಮುಂದೆ ಹೋಗಬಹುದು?" ಎಂಬುದಲ್ಲ, "ಎಲ್ಲಿ ನಿಲ್ಲಬೇಕು?" ಎಂಬುದು. ಹೋಗುವ ದಾರಿಯಲ್ಲಿ ಎದುರಾದಂತೆ ಬರುವ ದಾರಿಯಲ್ಲೂ ವೈರಿಗಳು ಎದುರಾಗುತ್ತಾರೆ. ಶಕ್ತಿಯ ಅರ್ಧಭಾಗ ಹಿಂದಿರುಗುವುದಕ್ಕೆಂದು ಮೀಸಲಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಷ್ಟು ನಿಷ್ಠುರವಾಗಿ ಕಲಿಸುವ ಆಟ ಮತ್ತೊಂದಿರಲಾರದು.

ಸ್ವಿಚ್ಚಿನ ಮೇಲಿನ ಬೆರಳು

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ಈ ಆಟದಲ್ಲಿ ಸಾವು ಎಂದರೆ ಸಾವೇ.

ಯಾರಾದರೂ ಸತ್ತರೆ ಉಳಿದವರು ಅವನನ್ನು ಊರಿನ ದೇವಾಲಯಕ್ಕೆ ತರಬಹುದು. ಅಲ್ಲಿ ಕಾಣಿಕೆ ಕೊಟ್ಟರೆ ಬದುಕಿಸಲು ಯತ್ನಿಸುತ್ತಾರೆ. ಆ ಕಾಣಿಕೆಯನ್ನು ಸತ್ತವನು ಕೊಡಲಾರ. ಬದುಕಿರುವವರಲ್ಲಿ ಯಾರಾದರೂ ಕೊಡಬೇಕು. ಕೊಟ್ಟರೂ ಯತ್ನ ಫಲಿಸುವುದೆಂಬ ಖಾತರಿಯಿಲ್ಲ. ವಿಫಲವಾದರೆ ದೇಹ ಬೂದಿಯಾಗುತ್ತದೆ. ಬೂದಿಯಿಂದ ಎಬ್ಬಿಸಲು ಇನ್ನೊಂದು ಅವಕಾಶ, ಇನ್ನೂ ಹೆಚ್ಚಿನ ಕಾಣಿಕೆ. ಅದೂ ತಪ್ಪಿದರೆ ಆ ಹೆಸರು ಶಾಶ್ವತವಾಗಿ ಅಳಿಸಿಹೋಗುತ್ತದೆ.

ಇದನ್ನೆಲ್ಲ ಆಟವು ತಾನಾಗಿಯೇ ಡಿಸ್ಕಿನ ಮೇಲೆ ಬರೆದುಬಿಡುತ್ತಿತ್ತು. "ಹಿಂದಿನ ಸ್ಥಿತಿಗೆ ಹೋಗೋಣ" ಎಂಬ ಅನುಕೂಲವಿರಲಿಲ್ಲ. ಆದರೆ ಒಂದು ಕಳ್ಳದಾರಿಯಿತ್ತು. ಕಾಳಗ ಕೈಮೀರುತ್ತಿದೆ ಎಂದು ತಿಳಿದ ಕ್ಷಣ, ಯಂತ್ರವು ಸೋಲನ್ನು ಡಿಸ್ಕಿಗೆ ಬರೆಯುವ ಮೊದಲೇ ಸ್ವಿಚ್ ಆರಿಸಿಬಿಡುವುದು, ಇಲ್ಲವೇ ಡಿಸ್ಕನ್ನು ಹೊರಗೆಳೆಯುವುದು. ಅಂದಿನ ಆಟಗಾರರಲ್ಲಿ ಹಲವರು ಇದನ್ನು ಬಲ್ಲವರಾಗಿದ್ದರು. ಒಬ್ಬರೇ ಕೋಣೆಯಲ್ಲಿದ್ದಾಗ ಕೇಳುವವರಾರು? ಆದರೂ ಬೆರಳು ಸ್ವಿಚ್ಚಿನ ಮೇಲಿದ್ದಾಗ ಮನಸ್ಸು ಒಮ್ಮೆ ತಡೆಯುತ್ತದೆ. ಸೋಲನ್ನು ಒಪ್ಪಿದರೆ ವಾರಗಟ್ಟಲೆ ಬೆಳೆಸಿದ ಆರು ಮಂದಿ ಹೋಗುತ್ತಾರೆ. ಒಪ್ಪದಿದ್ದರೆ ಅವರು ಉಳಿಯುತ್ತಾರೆ. ಆದರೆ ಇನ್ನು ಮುಂದಿನ ಯಾವ ಗೆಲುವೂ ನಿಜವಾದ ಗೆಲುವೆಂದು ನಮಗೇ ಅನ್ನಿಸುವುದಿಲ್ಲ.

ನನ್ನ ಅನುಭವವನ್ನು ಹೇಳುತ್ತೇನೆ. ಮೊದಲ ಬಾರಿ ಈ ಆಟವನ್ನು ಆಡಿದಾಗ, ನನ್ನ ಪುರೋಹಿತನ ಮಂತ್ರ ಮುಗಿದಿದ್ದರೂ "ಇನ್ನೊಂದೇ ಬಾಗಿಲು" ಎಂದು ತೆರೆದೆ. ಆರೂ ಮಂದಿ ಅಲ್ಲೇ ಉರುಳಿದರು. ತಪ್ಪು ನನ್ನದೇ, ಅವರದ್ದಲ್ಲ. ಹಾಗೆ ಇಡೀ ತಂಡವೇ ಅಳಿದರೆ ಅವರ ದೇಹಗಳು ಬಿದ್ದಲ್ಲಿಯೇ ಇರುತ್ತವೆ. ಹೊಸ ತಂಡವೊಂದನ್ನು ಕಟ್ಟಿ, ಅದನ್ನು ಪಳಗಿಸಿ, ಅದೇ ಜಾಗಕ್ಕೆ ಕಳಿಸಿದರೆ ಹಳಬರನ್ನು ಹೊತ್ತು ತರಬಹುದು.

ಇಲ್ಲೊಂದು ನಿಯಮ ನನ್ನನ್ನು ತಡೆದು ನಿಲ್ಲಿಸಿತು. ತಂಡದಲ್ಲಿ ಆರಕ್ಕಿಂತ ಹೆಚ್ಚು ಮಂದಿ ಇರುವಂತಿಲ್ಲ. ಸತ್ತವನೂ ತಂಡದ ಒಬ್ಬ ಸದಸ್ಯನೆಂದೇ ಲೆಕ್ಕ. ಆರು ಮಂದಿ ಹೋದರೆ ಒಬ್ಬರನ್ನೂ ತರಲಾಗದು. ಮೂವರನ್ನು ತರಬೇಕಾದರೆ ಮೂವರೇ ಹೋಗಬೇಕು. ಆರು ಮಂದಿ ಅಳಿದ ಜಾಗಕ್ಕೆ ಮೂವರು! ಅದೂ ಎರಡು ಬಾರಿ.

ಅಂದು ನಾನು ಬಹಳ ಹೊತ್ತು ನನ್ನ ನಕ್ಷೆಯನ್ನೇ ನೋಡುತ್ತ ಕುಳಿತಿದ್ದೆ. ಹೊಸಬರ ಜೀವವನ್ನು ಪಣಕ್ಕಿಡದೆ, ಹಳಬರನ್ನು ಮರೆತು ಮುಂದುವರಿಯಬಹುದಿತ್ತು. ಆಟವು ಏನನ್ನೂ ಒತ್ತಾಯಿಸುವುದಿಲ್ಲ. ಕೊನೆಗೆ ಇಬ್ಬರು ಯೋಧರನ್ನೂ ಒಬ್ಬ ಪುರೋಹಿತನನ್ನೂ ಕಳಿಸಿದೆ. ನಕ್ಷೆಯಲ್ಲಿ ಒಂದು ಗೋಡೆಯನ್ನು ತಪ್ಪಾಗಿ ಬರೆದಿದ್ದರಿಂದ ಒಮ್ಮೆ ದಾರಿ ತಪ್ಪಿತು. ಅಲ್ಲಿ ನಿಂತು ನಕ್ಷೆಯನ್ನು ತಿದ್ದಿದೆ. ಮೂವರು ಮರಳಿದರು. ದೇವಾಲಯದಲ್ಲಿ ಇಬ್ಬರು ಎದ್ದರು, ಒಬ್ಬ ಬೂದಿಯಾದ. ಎರಡನೆಯ ಕಾಣಿಕೆಗೆ ನನ್ನಲ್ಲಿ ಹಣವಿರಲಿಲ್ಲ. ಆ ಬೂದಿಯನ್ನು ಹಾಗೆಯೇ ಇಟ್ಟು, ಹಣ ಕೂಡಿಸಲು ಮತ್ತೆ ಕೆಳಗಿಳಿದೆ.

ಅವರೆಲ್ಲ ಡಿಸ್ಕಿನ ಮೇಲಿನ ಒಂದಷ್ಟು ಸಂಖ್ಯೆಗಳೆಂದು ನನಗೆ ಗೊತ್ತಿತ್ತು. ಆದರೂ ಆ ದಿನ ಕಲಿತದ್ದು ಸುಳ್ಳಲ್ಲ. ಮುಂದಾಳು ಎಂದರೆ ಮುಂದೆ ನಡೆಯುವವನು ಮಾತ್ರವಲ್ಲ. ತನ್ನ ನಿರ್ಧಾರದಿಂದ ಹಿಂದೆ ಉಳಿದುಹೋದವರ ಲೆಕ್ಕ ಇಟ್ಟುಕೊಂಡಿರುವವನು ಮುಂದಾಳು.

ಆಟದ ಮುಂದಿನ ಬಾಳು

ವಿಝರ್ಡ್ರಿಯ ಎರಡನೆಯ ಭಾಗ 1982ರಲ್ಲಿ ಬಂತು. ಮೊದಲ ಭಾಗದಲ್ಲಿ ನೀವು ಬೆಳೆಸಿದ ಪಾತ್ರಗಳನ್ನೇ ಅಲ್ಲಿಗೆ ಕರೆದೊಯ್ಯಬೇಕಿತ್ತು. 1983ರ ಮೂರನೆಯ ಭಾಗದಲ್ಲಿ ಆಡುವವರು ಆ ಹಳೆಯ ವೀರರ ವಂಶಜರು. 1987ರ ನಾಲ್ಕನೆಯ ಭಾಗವಂತೂ ಎಲ್ಲವನ್ನೂ ತಲೆಕೆಳಗು ಮಾಡಿತು. ಅದರಲ್ಲಿ ನೀವೇ ವರ್ಡ್ನಾ. ಪಾತಾಳದ ತಳದಲ್ಲಿ ಎಚ್ಚರಗೊಂಡು, ವೀರರ ತಂಡಗಳನ್ನು ಎದುರಿಸುತ್ತ ಮೇಲೇರಬೇಕು. ನಮ್ಮ ಶತ್ರುವಿಗೂ ಒಂದು ದಾರಿ, ಒಂದು ಭಯ ಇರುತ್ತದೆಂದು ಆಟಗಾರರು ಆಗ ಕಂಡರು.

ಈ ಆಟ ತವರಿಗಿಂತಲೂ ಆಳವಾಗಿ ಬೇರೂರಿದ್ದು ಜಪಾನಿನಲ್ಲಿ. 1985ರಲ್ಲಿ ಅದರ ಜಪಾನೀ ಆವೃತ್ತಿ ಬಂತು. ವಿಝರ್ಡ್ರಿಯಿಂದಲೂ ಅಲ್ಟಿಮಾ ಎಂಬ ಇನ್ನೊಂದು ಅಮೆರಿಕನ್ ಆಟದಿಂದಲೂ ಸ್ಫೂರ್ತಿ ಪಡೆದ ಯೂಜಿ ಹೋರಿ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ರಚಿಸಿದರು. ಅದು ಜಪಾನಿನಲ್ಲಿ ಮನೆಮಾತಾಯಿತು. 1987ರಲ್ಲಿ 'ಫೈನಲ್ ಫ್ಯಾಂಟಸಿ' ಬಂತು. ಇಂದು ನಿಮ್ಮಲ್ಲಿ ಯಾರಾದರೂ ಫೋನಿನಲ್ಲಿ ತಂಡ ಕಟ್ಟಿ, ಯೋಧನನ್ನು ಮುಂದೆ ನಿಲ್ಲಿಸಿ, ವೈದ್ಯನನ್ನು ಹಿಂದಿಟ್ಟು ಆಡುತ್ತಿದ್ದರೆ, ನಿಮಗೆ ತಿಳಿಯದೆಯೇ ಇಥಾಕಾದ ಆ ಇಬ್ಬರು ವಿದ್ಯಾರ್ಥಿಗಳ ದಾರಿಯಲ್ಲಿ ನಡೆಯುತ್ತಿದ್ದೀರಿ.

ಅವರಲ್ಲಿ ವುಡ್‌ಹೆಡ್ ಮುಂದೆ ಜಪಾನೀ ವ್ಯಂಗ್ಯಚಲನಚಿತ್ರಗಳನ್ನು ಅಮೆರಿಕಕ್ಕೆ ತರುವ ಸಂಸ್ಥೆಯೊಂದನ್ನು ಜೊತೆಗಾರರೊಂದಿಗೆ ಸ್ಥಾಪಿಸಿದರು. ಗ್ರೀನ್‌ಬರ್ಗ್ ಬೌದ್ಧಿಕ ಆಸ್ತಿಯ ಹಕ್ಕುಗಳನ್ನು ಕುರಿತ ಕಾನೂನಿನಲ್ಲಿ ವಕೀಲರಾದರು. 2024ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಎಂಬ ಸಂಸ್ಥೆ ಮೊದಲ ವಿಝರ್ಡ್ರಿಯ ಹೊಸ ರೂಪವನ್ನು ಪೂರ್ಣವಾಗಿ ಹೊರತಂದಿತು. ಹೊಸ ಚಿತ್ರಗಳ ಅಡಿಯಲ್ಲಿ ಅದೇ ಹಳೆಯ ಆಪಲ್ 2 ಕ್ರಮವಿಧಿ ಕೆಲಸ ಮಾಡುತ್ತದೆ. ನಕ್ಷೆಯನ್ನು ಅದೇ ಬರೆದುಕೊಡುತ್ತದೆ; ಕೆಲವು ಕಠಿಣ ನಿಯಮಗಳನ್ನು ಸಡಿಲಿಸುವ ಅನುಕೂಲವೂ ಇದೆ. ಅದೇ ವರ್ಷದ ಆಗಸ್ಟಿನಲ್ಲಿ ಗ್ರೀನ್‌ಬರ್ಗ್ ತೀರಿಕೊಂಡರು. ನಲವತ್ತಮೂರು ವರ್ಷಗಳ ಹಿಂದೆ ತಾವು ಬರೆದದ್ದು ಮತ್ತೆ ಜೀವ ತಳೆದದ್ದನ್ನು ಅವರು ಕಂಡಿದ್ದರು.

ಅನುಕೂಲಗಳು ಬಂದದ್ದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಪ್ರತಿ ಗೋಡೆಯನ್ನೂ ಕೈಯಿಂದ ಬರೆಯಲು ಎಲ್ಲರಿಗೂ ಪುರುಸೊತ್ತಿರುವುದಿಲ್ಲ. ಆದರೆ ನಕ್ಷೆಯನ್ನು ಯಾರೋ ಬರೆದುಕೊಟ್ಟಾಗ ನಾವು ಊರು ಸೇರುತ್ತೇವೆ; ನಾವೇ ಬರೆದಾಗ ಊರನ್ನು ಅರಿಯುತ್ತೇವೆ. ಈ ವ್ಯತ್ಯಾಸ ನಿಮ್ಮ ಪಾಠಗಳಿಗೂ ಅನ್ವಯಿಸುತ್ತದೆ. ಗೈಡು ನೋಡಿ ಉತ್ತರ ಬರೆದವರಿಗೂ, ತಪ್ಪು ಗೋಡೆ ಬರೆದು ತಿದ್ದಿಕೊಂಡವರಿಗೂ ಅಂಕ ಒಂದೇ ಬರಬಹುದು. ಮುಂದೆ ದಾರಿ ತಪ್ಪಿದಾಗ ಯಾರು ಹಿಂದಿರುಗಬಲ್ಲರು ಎಂಬುದನ್ನು ನೀವೇ ಯೋಚಿಸಿ.

ಆಟಕ್ಕೆ ಹೊತ್ತು ಗೊತ್ತು ಇರಲಿ. ದಿನಕ್ಕೆ ಇಷ್ಟೇ ಎಂಬ ಮಿತಿಯನ್ನು ನೀವೇ ಹಾಕಿಕೊಳ್ಳಿ. ಎಲ್ಲಿ ನಿಲ್ಲಬೇಕೆಂದು ತಿಳಿಯುವುದೇ ಈ ಆಟದ ದೊಡ್ಡ ವಿದ್ಯೆ ಎಂದು ಆಗಲೇ ಹೇಳಿದೆನಲ್ಲ. ಆಟದ ಹೊರಗೂ ಅದು ನಿಜ.

ಮಾಡಿ ನೋಡಿ

1. ಗ್ರಾಫ್ ಹಾಳೆಯಲ್ಲಿ ಉದ್ದಗಲ 20 ಮನೆಗಳ ಚೌಕ ಬರೆಯಿರಿ. ಎಡಗಡೆಯ ಕೆಳಮೂಲೆಯ ಮನೆಯನ್ನು ಪೂರ್ವ 0, ಉತ್ತರ 0 ಎಂದು ಗುರುತಿಸಿ. ಗೋಡೆ, ಬಾಗಿಲು, ಎರಡು ಗುಪ್ತದ್ವಾರಗಳನ್ನು ಇಟ್ಟು ನಿಮ್ಮದೇ ಚಕ್ರಬಂಧ ರಚಿಸಿ.

2. ಹಾಳೆಯನ್ನು ಮುಚ್ಚಿಟ್ಟುಕೊಂಡು, ಗೆಳೆಯರೊಬ್ಬರು "ಮುಂದೆ", "ಎಡಕ್ಕೆ", "ಬಲಕ್ಕೆ" ಎಂದು ಹೇಳಿದಂತೆ ಎದುರಿಗೆ ಕಾಣುವುದನ್ನಷ್ಟೇ ತಿಳಿಸಿ. ಅವರು ನಕ್ಷೆ ಬರೆಯಲಿ. ಹತ್ತು ನಿಮಿಷದ ಬಳಿಕ ಎರಡೂ ಹಾಳೆಗಳನ್ನು ಹೋಲಿಸಿ, ಮೊದಲ ತಪ್ಪು ಎಲ್ಲಿ ಆಯಿತೆಂದು ಹುಡುಕಿ.

3. ಒಂದು ಬದಿಗೆ ನಾಲ್ಕರ ಬದಲು ಎಂಟು ಬಗೆಗಳಿದ್ದರೆ 400 ಮನೆಗಳಿಗೆ ಎಷ್ಟು ಬೈಟ್ ಬೇಕು? ಲೆಕ್ಕ ಮಾಡಿ.

4. ನಿಮ್ಮ ತರಗತಿಯ ವಿಜ್ಞಾನ ಪ್ರದರ್ಶನಕ್ಕೆ ಆರು ಮಂದಿಯ ತಂಡ ಕಟ್ಟಬೇಕಾಗಿದೆ. ಯಾರನ್ನು ಮುಂದೆ, ಯಾರನ್ನು ಹಿಂದೆ ನಿಲ್ಲಿಸುವಿರಿ? ಒಬ್ಬರು ಗೈರುಹಾಜರಾದರೆ ಅವರ ಕೆಲಸವನ್ನು ಯಾರು ಮಾಡುವರು? ಒಂದು ಪುಟದಲ್ಲಿ ಬರೆಯಿರಿ.

ಆರು ಮಂದಿಯೂ ಮರಳಿ ಮನೆ ಸೇರಲಿ ಎಂದು ಹಾರೈಸುತ್ತ, ನನ್ನ ಮಾತನ್ನು ಮುಗಿಸುತ್ತೇನೆ.